ಬೇಸಿಗೆಯ ಬಾವಿ

ಪುಟ್ಟಾ,

ಭಾನುವಾರ ರಾತ್ರಿ ನೀನು ವಾಟ್ಸಾಪಿನಲ್ಲಿ ಕಳಿಸಿದ ಐದು ಹೆಸರೂ ನೋಡಿದೆ. ಒಂದು ಬ್ಯಾಂಕು, ಒಂದು ಫೋನ್ ಕಂಪನಿ, ಒಂದು ಎಣ್ಣೆ ಕಂಪನಿ, ಶಾಪಿಫೈ ಅನ್ನುವ ಟೆಕ್ ಕಂಪನಿ, ಕೊನೆಗೆ ನಮ್ಮ ಬೆಂಗಳೂರು ಏರ್‌ಪೋರ್ಟಿನ ಯಜಮಾನರದ್ದು. ‘ಹದಿನೈದು ಸಾವಿರ ಡಾಲರ್ ಇದೆ ದೊಡ್ಡಮ್ಮ, ಯಾವುದಕ್ಕೆ ಹಾಕಲಿ, ಬೇಗ ಹೇಳಿ’ ಅಂತ ಬೇರೆ. ಬೇಗ ಹೇಳುವ ಹಾಗಿದ್ದರೆ ಫೋನಿನಲ್ಲೇ ಹೇಳುತ್ತಿದ್ದೆ. ಇಪ್ಪತ್ತೆಂಟು ವರ್ಷ ಇಲ್ಲಿ ಕೆನಡಾದ ಬ್ರಾಂಪ್ಟನ್ನಿನ ಕಾರ್ಖಾನೆಯೊಂದರಲ್ಲಿ ಲೆಕ್ಕ ಬರೆದವಳು ನಾನು. ಅವಸರದಲ್ಲಿ ಬರೆದ ಲೆಕ್ಕವನ್ನೆಲ್ಲ ತಿಂಗಳ ಕೊನೆಗೆ ನಾನೇ ಕೂತು ತಿದ್ದಬೇಕಾಗುತ್ತಿತ್ತು. ಅದಕ್ಕೇ ಈ ಉದ್ದದ ಕಾಗದ.

ನಿನ್ನ ತಾತ ತೋಟ ಕೊಂಡ ಕಥೆ ನಿನ್ನಮ್ಮ ಹೇಳಿದ್ದಾಳೋ ಇಲ್ಲವೋ. ಸಾಗರದ ಹತ್ತಿರ ಎರಡು ಎಕರೆ ಅಡಿಕೆ ತೋಟ ಮಾರಾಟಕ್ಕಿದೆ ಅಂತ ದಲ್ಲಾಳಿ ಕರೆದುಕೊಂಡು ಹೋದದ್ದು ಶ್ರಾವಣದಲ್ಲಿ. ಮರಗಳಲ್ಲಿ ಗೊನೆ ತುಂಬಿತ್ತು, ಬಾವಿಯ ನೀರು ಮೇಲಿನ ಮೆಟ್ಟಿಲಿನವರೆಗೆ ಬಂದಿತ್ತು, ಬಗ್ಗಿದರೆ ಕೈಗೆ ಸಿಗುವಷ್ಟು. ನಾನೂ ಜೊತೆಗೆ ಹೋಗಿದ್ದೆ, ಎಂಟು ವರ್ಷದವಳು. ಅಪ್ಪ ಅವರು ಕೊಟ್ಟ ಕಾಫಿ ಕುಡಿದು ‘ನೋಡೋಣ’ ಅಂತ ಎದ್ದು ಬಂದರು. ಮತ್ತೆ ಹೋದದ್ದು ಯುಗಾದಿ ಕಳೆದು ತಿಂಗಳಾದ ಮೇಲೆ, ಯಾರಿಗೂ ಹೇಳದೆ, ಒಂದು ಹಗ್ಗಕ್ಕೆ ಕಲ್ಲು ಕಟ್ಟಿಕೊಂಡು. ಹಗ್ಗ ಇಳಿಯಿತು, ಇಳಿಯಿತು, ಕಲ್ಲು ಕೆಸರಿಗೆ ಕೂತ ಸದ್ದು ಬಂತು. ಮೇಲಕ್ಕೆಳೆದಾಗ ಒಂದು ಮೊಳ ಒದ್ದೆಯಾಗಿತ್ತು ಅಷ್ಟೆ. ಆ ತೋಟ ಬಿಟ್ಟು, ಅದಕ್ಕಿಂತ ಹೆಚ್ಚು ಬೆಲೆ ಕೊಟ್ಟು ಇನ್ನೊಂದನ್ನು ಕೊಂಡರು. ಅದರ ಬಾವಿಯಲ್ಲಿ ಮೇ ತಿಂಗಳಲ್ಲೂ ಎರಡಾಳು ನೀರಿತ್ತು. ನಾವು ಓದಿದ್ದು ಆ ನೀರಿನಲ್ಲಿ.

ಷೇರು ಆರಿಸುವುದರ ಬಗ್ಗೆ ನನಗೆ ಗೊತ್ತಿರುವುದರಲ್ಲಿ ಮುಕ್ಕಾಲು ಪಾಲು ಆ ಹಗ್ಗದಲ್ಲಿದೆ. ಬಾಕಿ ಕಾಲು ಪಾಲು ತೆರಿಗೆಯ ಕಾನೂನು.

ನಿನ್ನ ಪಟ್ಟಿಯ ಎಣ್ಣೆ ಕಂಪನಿಯಿಂದ ಶುರು ಮಾಡುತ್ತೇನೆ, ಯಾಕೆಂದರೆ ಕೆನಡಾದಲ್ಲಿ ಎಣ್ಣೆಯವರಿಗೆ ಬರುವಂಥ ಬೇಸಿಗೆ ಬೇರೆ ಯಾರಿಗೂ ಬರುವುದಿಲ್ಲ. 2020ರ ಏಪ್ರಿಲ್ 20 ನೆನಪಿದೆಯಾ? ನೀನಿನ್ನೂ ಬೆಂಗಳೂರಿನಲ್ಲಿ ಲಾಕ್‌ಡೌನಿನಲ್ಲಿದ್ದೆ. ಅವತ್ತು ಅಮೆರಿಕದ ಕಚ್ಚಾ ಎಣ್ಣೆಯ ಬೆಲೆ ಸೊನ್ನೆಗಿಂತ ಕೆಳಗಿಳಿಯಿತು. ಪೀಪಾಯಿಗೆ ಮೈನಸ್ 37 ಡಾಲರ್. ಮಾರುವವನೇ ಕೈಯಿಂದ ದುಡ್ಡು ಕೊಟ್ಟು ‘ತೊಗೊಂಡು ಹೋಗಪ್ಪ’ ಅನ್ನುವ ಹಾಗೆ. ಆಲ್ಬರ್ಟಾದ ಎಣ್ಣೆ ಮರಳಿನಲ್ಲಿ ಎರಡು ದೊಡ್ಡ ಕಂಪನಿಗಳಿವೆ, ಸನ್‌ಕೋರ್ ಮತ್ತು ಕೆನೇಡಿಯನ್ ನ್ಯಾಚುರಲ್. ಎರಡೂ ಒಂದೇ ಮರಳು ಬಗೆಯುವವರು, ಎರಡಕ್ಕೂ ಬಂದದ್ದು ಒಂದೇ ಬೇಸಿಗೆ. ವರ್ಷ ವರ್ಷ ಡಿವಿಡೆಂಡ್ ಏರಿಸುತ್ತ ಬಂದಿದ್ದ ಸನ್‌ಕೋರ್, ಮೇ ತಿಂಗಳಲ್ಲಿ ಅದನ್ನು ಅರ್ಧಕ್ಕಿಂತ ಹೆಚ್ಚು ಕತ್ತರಿಸಿತು. ಕೆನೇಡಿಯನ್ ನ್ಯಾಚುರಲ್ ಒಂದು ಸೆಂಟೂ ಕಡಿಮೆ ಮಾಡಲಿಲ್ಲ. ಮುಂದಿನ ವರ್ಷ ಸನ್‌ಕೋರ್ ಕೂಡ ಚೇತರಿಸಿಕೊಂಡು ಹಳೆಯ ಮಟ್ಟಕ್ಕೆ ತಂದಿತು, ಅದು ಬೇರೆ ಮಾತು. 2019ರಲ್ಲಿ ಇವೆರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದ್ದರೆ ಎರಡು ಬಾವಿಯೂ ಮೇಲಿನ ಮೆಟ್ಟಿಲಿನವರೆಗೆ ತುಂಬಿದ್ದವು. ನೀನು ಕಳಿಸಿದ ಚಾರ್ಟು ಕಳೆದ ಒಂದು ವರ್ಷದ್ದು. ಅದು ಶ್ರಾವಣದ ಫೋಟೋ ಕಣೋ.

ಹಗ್ಗ ಎಲ್ಲಿ ಸಿಗುತ್ತದೆ ಅಂತ ಕೇಳುತ್ತೀಯ. ಈ ದೇಶದಲ್ಲಿ ಷೇರು ಮಾರುವ ಪ್ರತಿ ಕಂಪನಿಯೂ ತನ್ನ ಲೆಕ್ಕವನ್ನು ಸೆಡಾರ್ ಪ್ಲಸ್ ಅನ್ನುವ ಒಂದೇ ಕಡತಖಾನೆಗೆ ಹಾಕಬೇಕು. ಓದಲು ದುಡ್ಡಿಲ್ಲ. ಅಲ್ಲಿ ವಾರ್ಷಿಕ ವರದಿ ತೆಗೆದು ಮೊದಲ ಪುಟಗಳ ನಗುವ ಮುಖಗಳನ್ನೆಲ್ಲ ಹಾರಿಸಿಬಿಡು. ಲಾಭದ ಪುಟಕ್ಕೂ ಹೋಗಬೇಡ. ಲಾಭ ಅನ್ನುವುದು ನನ್ನಂಥ ಲೆಕ್ಕದವರ ಅಭಿಪ್ರಾಯ, ನಗದು ಮಾತ್ರ ನಿಜ. ನಗದಿನ ಪುಟಕ್ಕೆ ಹೋಗು. ವ್ಯಾಪಾರದಿಂದ ಎಷ್ಟು ನಗದು ಬಂತು, ಯಂತ್ರ, ಟವರು, ಪೈಪುಗಳಿಗೆ ಎಷ್ಟು ಹೋಯಿತು, ಉಳಿದದ್ದೆಷ್ಟು, ಡಿವಿಡೆಂಡ್ ಅಂತ ಹಂಚಿದ್ದೆಷ್ಟು. ನಾಲ್ಕು ಅಂಕಿ ಸಾಕು. 2009, 2020ರಂಥ ಕೆಟ್ಟ ವರ್ಷದ್ದೂ ಬೇಕು.

ಈ ನಾಲ್ಕು ಅಂಕಿಯನ್ನು ನಿನ್ನ ಫೋನ್ ಕಂಪನಿಗೆ ಹಿಡಿ. ನೀನದನ್ನು ಬರೆದದ್ದು ‘ಡಿವಿಡೆಂಡ್ ಚೆನ್ನಾಗಿದೆ’ ಅನ್ನುವ ಕಾರಣಕ್ಕೆ. ಇದೇ ಮಾತನ್ನು 2025ರ ಶುರುವಿನಲ್ಲಿ ನಮ್ಮ ಕನ್ನಡ ಸಂಘದಲ್ಲಿ ನಿವೃತ್ತರೆಲ್ಲ ಬಿಸಿಇ ಬಗ್ಗೆ ಹೇಳುತ್ತಿದ್ದರು. ಬೆಲ್ ಕೆನಡಾದ ತಾಯಿ ಕಂಪನಿ, ಮನೆಮನೆಗೂ ತಂತಿ ಎಳೆದವರು, ಷೇರಿಗೆ ವರ್ಷಕ್ಕೆ 3.99 ಡಾಲರ್. ಬೆಲೆ ಬಿದ್ದು ಬಿದ್ದು, ಹಾಕಿದ ದುಡ್ಡಿಗೆ ನೂರಕ್ಕೆ ಹನ್ನೆರಡರ ಹತ್ತಿರ ಸಿಗುವಂತೆ ಕಾಣುತ್ತಿತ್ತು. ಆ ಹೊತ್ತಿನಲ್ಲಿ ಬ್ಯಾಂಕಿನ ಠೇವಣಿಗೆ ಅದರ ಕಾಲುಭಾಗವೋ ಏನೋ. ನೂರಕ್ಕೆ ಹನ್ನೆರಡು ಯಾರೂ ಪ್ರೀತಿಗೆ ಕೊಡುವುದಿಲ್ಲ. 2024ರಲ್ಲಿ ಆ ಕಂಪನಿಗೆ ಎಲ್ಲ ಖರ್ಚು ಕಳೆದು ಕೈಗುಳಿದ ನಗದು ಸುಮಾರು 290 ಕೋಟಿ ಡಾಲರ್, ಹಂಚಿದ ಡಿವಿಡೆಂಡ್ ಸುಮಾರು 360 ಕೋಟಿ. ಬಾವಿಯಲ್ಲಿ ಇರುವುದಕ್ಕಿಂತ ಹೆಚ್ಚು ನೀರನ್ನು ತೋಟಕ್ಕೆ ಬಿಡುತ್ತಿದ್ದರೆ ಅದು ಎಲ್ಲಿಂದಲೋ ಸಾಲ ತಂದ ನೀರು. 2025ರ ಮೇ ತಿಂಗಳಲ್ಲಿ 3.99 ಇದ್ದದ್ದು 1.75 ಆಯಿತು. ಇದು ಯಾರೂ ಮುಚ್ಚಿಟ್ಟಿದ್ದ ಗುಟ್ಟಲ್ಲ, ಕೂಡಿ ಕಳೆಯುವುದು ಬಂದವರಿಗೆಲ್ಲ ಕಾಣುವಂತೆ ಅಚ್ಚಾಗಿತ್ತು.

ಇನ್ನು ಸರ್ಕಾರವೇ ಬಾವಿಗೆ ಕಲ್ಲು ಹಾಕುವುದೂ ಉಂಟು. 2006ರ ಅಕ್ಟೋಬರ್ 31, ಇಲ್ಲಿನ ಹ್ಯಾಲೋವೀನ್ ರಾತ್ರಿ. ಮಕ್ಕಳೆಲ್ಲ ದೆವ್ವದ ವೇಷ ಹಾಕಿಕೊಂಡು ಮಿಠಾಯಿ ಕೇಳುತ್ತಿದ್ದಾಗ ಹಣಕಾಸು ಮಂತ್ರಿ ಜಿಮ್ ಫ್ಲಾಹರ್ಟಿ ‘ಇನ್‌ಕಮ್ ಟ್ರಸ್ಟ್’ಗಳಿಗೆ ತೆರಿಗೆ ಹಾಕುವುದಾಗಿ ಹೇಳಿದರು. ತೆರಿಗೆ ಇಲ್ಲದ್ದಕ್ಕೇ ಅವು ತಿಂಗಳು ತಿಂಗಳು ಅಷ್ಟು ಹಂಚುತ್ತಿದ್ದವು, ಪಿಂಚಣಿಯವರೆಲ್ಲ ಅದಕ್ಕೇ ತುಂಬಿಕೊಂಡಿದ್ದರು. ಬೆಳಗಾಗುವಷ್ಟರಲ್ಲಿ ಬಿದ್ದವು.

ಬ್ಯಾಂಕಿನ ವಿಷಯಕ್ಕೆ ನನಗೆ ಸ್ವಲ್ಪ ಮೋಹ ಇದೆ, ಒಪ್ಪಿಕೊಳ್ಳುತ್ತೇನೆ. ಬ್ಯಾಂಕ್ ಆಫ್ ಮಾಂಟ್ರಿಯಲ್ 1829ರಿಂದ ಒಂದು ವರ್ಷವೂ ತಪ್ಪದೆ ಡಿವಿಡೆಂಡ್ ಕೊಡುತ್ತ ಬಂದಿದೆ. ಅದು ಬೈಲಹೊಂಗಲದ ಸೆರೆಯಲ್ಲಿ ಕಿತ್ತೂರು ಚೆನ್ನಮ್ಮ ತೀರಿಕೊಂಡ ವರ್ಷ. 2008-09ರಲ್ಲಿ ಅಮೆರಿಕದ ಬ್ಯಾಂಕುಗಳು ಒಂದರ ಮೇಲೊಂದು ಉರುಳುತ್ತಿದ್ದಾಗಲೂ ಇಲ್ಲಿನ ಆರು ದೊಡ್ಡ ಬ್ಯಾಂಕುಗಳಲ್ಲಿ ಒಂದೂ ಡಿವಿಡೆಂಡ್ ಕತ್ತರಿಸಲಿಲ್ಲ. ಬೇಸಿಗೆಯ ಬಾವಿ ಅಂದರೆ ಅದು. ಹಾಗಂತ ಕಣ್ಣು ಮುಚ್ಚಿ ನಂಬುವ ಹಾಗೂ ಇಲ್ಲ. 2024ರಲ್ಲಿ ಟಿಡಿ ಬ್ಯಾಂಕು ಅಮೆರಿಕದಲ್ಲಿ ಕಪ್ಪುಹಣ ಸಾಗಾಟಕ್ಕೆ ದಾರಿ ಮಾಡಿಕೊಟ್ಟ ತಪ್ಪೊಪ್ಪಿಕೊಂಡು 300 ಕೋಟಿ ಅಮೆರಿಕನ್ ಡಾಲರಿಗೂ ಹೆಚ್ಚು ದಂಡ ಕಟ್ಟಿತು.

ಆದರೆ ಬ್ಯಾಂಕಿನ ಷೇರು ನಿನಗೆ ಬೇಡ ಅಂತ ನಾನು ಹೇಳುವುದು ಅದಕ್ಕಲ್ಲ. ಒಂದು ನಿಮಿಷ ನಿನ್ನನ್ನೇ ನೋಡಿಕೋ. ಕೆಲಸ ವಾಟರ್‌ಲೂನಲ್ಲಿ. ಸಂಬಳ ಕೆನಡಾ ಡಾಲರಿನಲ್ಲಿ. ಕಂಪನಿ ವರ್ಷ ವರ್ಷ ತನ್ನದೇ ಷೇರು ಕೊಡುತ್ತದೆ. ಕಳೆದ ವರ್ಷ ಟೌನ್‌ಹೌಸ್ ಕೊಂಡೆ, ಐದು ವರ್ಷಕ್ಕೊಮ್ಮೆ ಬಡ್ಡಿ ಬದಲಾಗುವ ಸಾಲ. ಈಗ ಆ ಸಾಲ ಕೊಟ್ಟ ಬ್ಯಾಂಕಿನ ಷೇರನ್ನೂ ಕೊಂಡರೆ? ನಾಳೆ ಇಲ್ಲಿನ ಮನೆಗಳ ಬೆಲೆ ಕುಸಿದರೆ ನಿನ್ನ ಮನೆ, ಬ್ಯಾಂಕಿನ ಷೇರು, ಬಹುಶಃ ನಿನ್ನ ಕೆಲಸ, ಮೂರೂ ಒಂದೇ ವಾರದಲ್ಲಿ ಅಲುಗಾಡುತ್ತವೆ. ಒಂದೇ ಗೂಟಕ್ಕೆ ಎಷ್ಟು ಎತ್ತು ಕಟ್ಟುತ್ತೀಯ?

ವಾಟರ್‌ಲೂನಲ್ಲಿ ಇರುವವನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬ್ಲ್ಯಾಕ್‌ಬೆರಿ ಮಾಡುತ್ತಿದ್ದ ರಿಸರ್ಚ್ ಇನ್ ಮೋಷನ್ 2007ರಲ್ಲಿ ದೇಶದ ಅತಿ ಬೆಲೆಬಾಳುವ ಕಂಪನಿಯಾಗಿತ್ತು. 2013ರ ಸೆಪ್ಟೆಂಬರ್‌ನಲ್ಲಿ 4,500 ಜನರನ್ನು ಕೆಲಸದಿಂದ ತೆಗೆಯುವುದಾಗಿ ಹೇಳಿತು. ಕೆಲಸ ಕಳೆದುಕೊಂಡ ಎಷ್ಟೋ ಜನರ ಉಳಿತಾಯವೂ ಅದೇ ಕಂಪನಿಯ ಷೇರಿನಲ್ಲಿದ್ದಿರಬೇಕು, ಮನೆ ಅದೇ ಊರಿನಲ್ಲಿ. ನಿನ್ನ ಕಂಪನಿ ಕೊಟ್ಟ ಷೇರನ್ನು ಕೈಗೆ ಬಂದ ದಿನವೇ ಮಾರಿಬಿಡು. ಇದನ್ನು ಕೇಳಿದರೆ ನಿನ್ನ ಮ್ಯಾನೇಜರ್‌ಗೆ ಬೇಸರ ಆಗಬಹುದು, ಆಗಲಿ.

ಟೊರಾಂಟೊ ಮಾರುಕಟ್ಟೆಯೇ ಹಾಗೆ, ಮೂರು ಕಾಲಿನ ಮಣೆ. ಸೂಚ್ಯಂಕದ ಸುಮಾರು ಮೂರನೇ ಒಂದು ಪಾಲು ಬ್ಯಾಂಕು, ವಿಮೆಯವರು. ಎಣ್ಣೆ, ಅನಿಲ, ಚಿನ್ನ, ತಾಮ್ರ, ಗೊಬ್ಬರ ಸೇರಿಸಿದರೆ ಹೆಚ್ಚೂ ಕಡಿಮೆ ಇನ್ನೊಂದು ಮೂರನೇ ಪಾಲು. ಬಾಕಿಯೆಲ್ಲ ಉಳಿದದ್ದರಲ್ಲಿ ಹೊಂದಿಕೊಂಡು ಕೂರಬೇಕು. ಔಷಧಿ ಕಂಪನಿಗಳು ನೂರಕ್ಕೆ ಒಂದೂ ಇಲ್ಲ. ಇಡೀ ಜಗತ್ತಿನ ಷೇರುಪೇಟೆಯನ್ನು ನೂರು ಅಂತ ಇಟ್ಟರೆ ಕೆನಡಾದ್ದು ಮೂರರ ಆಸುಪಾಸು. ನೀನು ಕಳಿಸಿದ ಐದಕ್ಕೆ ಐದೂ ಆ ಮೂರರ ಒಳಗಿನವು. ಮೈಸೂರಿಡೀ ಬಿಟ್ಟು ದೇವರಾಜ ಮಾರ್ಕೆಟ್ಟಿನ ಒಂದು ಸಾಲಿನಲ್ಲಿ ಮಾತ್ರ ಸಾಮಾನು ಕೊಳ್ಳುತ್ತೇನೆ ಅಂದಹಾಗೆ.

ಆ ಪುಟ್ಟ ಸಾಲಿನಲ್ಲೂ ಒಂದು ಅಂಗಡಿ ಆಗಾಗ ಬೆಲೂನಿನ ಹಾಗೆ ಉಬ್ಬುತ್ತದೆ. 2000ದ ಬೇಸಿಗೆಯಲ್ಲಿ ನಾರ್ಟೆಲ್ ಅನ್ನುವ ಒಂದೇ ಕಂಪನಿ ಟೊರಾಂಟೊ ಸೂಚ್ಯಂಕದ ಮೂರನೇ ಒಂದಕ್ಕಿಂತ ಹೆಚ್ಚಿತ್ತು. ಷೇರಿಗೆ 120 ಡಾಲರ್ ದಾಟಿತ್ತು. ಎರಡು ವರ್ಷದಲ್ಲಿ ಒಂದು ಡಾಲರಿಗಿಂತ ಕೆಳಗೆ, 2009ರ ಜನವರಿಯಲ್ಲಿ ದಿವಾಳಿ. ಆಮೇಲೆ ಬ್ಲ್ಯಾಕ್‌ಬೆರಿ. 2015ರಲ್ಲಿ ಔಷಧಿಯ ವೇಲಿಯಂಟ್ ರಾಯಲ್ ಬ್ಯಾಂಕನ್ನು ಹಿಂದಿಕ್ಕಿ ಮೊದಲ ಸ್ಥಾನಕ್ಕೆ ಬಂದು, ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಕಳೆದುಕೊಂಡಿತು. 2020ರಲ್ಲಿ ಶಾಪಿಫೈ ಅದೇ ಪಟ್ಟಕ್ಕೇರಿತು, ಮುಂದೆ ಒಂದೇ ವರ್ಷದಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಇಳಿಯಿತು. ಶಾಪಿಫೈ ಮತ್ತೆ ಎದ್ದು ನಿಂತಿದೆ, ನಿಜ. ವ್ಯಾಪಾರ ಗಟ್ಟಿ ಇದ್ದದ್ದಕ್ಕೆ ಎದ್ದಿತು. ಆದರೆ ಆ ಇಳಿತವನ್ನು ಸಹಿಸಿಕೊಂಡು ಕೂತವರು ಎಷ್ಟು ಜನ? ನಮ್ಮ ಬೀದಿಯಲ್ಲಿ ನನಗೆ ಗೊತ್ತಿರುವವರಲ್ಲಿ ಒಬ್ಬರೂ ಇಲ್ಲ. ಮೇಲೆ ಕೊಂಡರು, ಕೆಳಗೆ ಮಾರಿದರು. ನೀನು ಕೊಳ್ಳುವುದಾದರೆ ಹದಿನೈದು ಸಾವಿರ ನಾಲ್ಕು ಸಾವಿರ ಆದ ದಿನ ಏನು ಮಾಡುತ್ತೀಯ ಅಂತ ಮೊದಲೇ ಬರೆದಿಡು.

ಬರೆದಿಡು ಅಂದದ್ದು ಸುಮ್ಮನೆ ಅಲ್ಲ. ನನ್ನ ಹತ್ತಿರ ಒಂದು ಉದ್ದನೆಯ ರಟ್ಟಿನ ಪುಸ್ತಕ ಇದೆ, 1995ರಿಂದ. ಎಡಗಡೆ ಪುಟದಲ್ಲಿ ತಾರೀಕು, ಹೆಸರು, ಎಷ್ಟು ಷೇರು, ಎಷ್ಟಕ್ಕೆ. ಬಲಗಡೆ ‘ಯಾಕೆ ಕೊಂಡೆ’ ಅಂತ ಒಂದೇ ಸಾಲು. ಹದಿನಾಲ್ಕನೇ ಪುಟ ನಿನಗೆ ತೋರಿಸಬೇಕು. 1996, ಒಂದು ಪುಟ್ಟ ಚಿನ್ನದ ಗಣಿ ಕಂಪನಿ. ಹೆಸರು ಬೇಡ, ಈಗ ಅದು ಇಲ್ಲವೂ ಇಲ್ಲ. ಆ ವರ್ಷ ದೇಶಕ್ಕೆ ದೇಶವೇ ಚಿನ್ನದ ಹುಚ್ಚಿನಲ್ಲಿತ್ತು. ಕ್ಯಾಲ್ಗರಿಯ ಬ್ರೀ-ಎಕ್ಸ್ ಅನ್ನುವ ಕಂಪನಿ ಇಂಡೋನೇಷ್ಯಾದ ಬೋರ್ನಿಯೋ ಕಾಡಿನಲ್ಲಿ ಚಿನ್ನದ ಬೆಟ್ಟವೇ ಸಿಕ್ಕಿತು ಅಂದಿತ್ತು, ಅದರ ಷೇರುಗಳ ಬೆಲೆ 600 ಕೋಟಿ ಡಾಲರಿನವರೆಗೆ ಏರಿತ್ತು. 1997ರ ಮೇ ತಿಂಗಳಲ್ಲಿ ಹೊರಗಿನ ತಜ್ಞರು ಪರೀಕ್ಷೆ ಮಾಡಿ ನೋಡಿದರೆ ಅಲ್ಲಿ ಚಿನ್ನವೇ ಇಲ್ಲ, ಕಲ್ಲಿನ ಮಾದರಿಗಳಿಗೆ ಯಾರೋ ಚಿನ್ನದ ಪುಡಿ ಬೆರೆಸಿದ್ದರು. ಅದರ ಜೊತೆಗೆ ನನ್ನದರಂಥ ಎಷ್ಟೋ ಪುಟ್ಟ ಕಂಪನಿಗಳೂ ಮುಳುಗಿದವು. ನನ್ನ 3,200 ಡಾಲರ್ ಹೋಯಿತು. ಆಗ ಅದು ನನ್ನ ಎರಡು ತಿಂಗಳ ಸಂಬಳ. ನಿಮ್ಮ ದೊಡ್ಡಪ್ಪನಿಗೆ ಹೇಳಿದ್ದು ಆರು ವರ್ಷದ ಮೇಲೆ. ಆ ಪುಟದ ಬಲಗಡೆ ನನ್ನದೇ ಅಕ್ಷರದಲ್ಲಿ ಏನಿದೆ ಗೊತ್ತಾ? ‘ಕಾರಿನಲ್ಲಿ ಜೊತೆಗೆ ಬರುವ ಮೂವರೂ ಕೊಂಡಿದ್ದಾರೆ.’

2018ರಲ್ಲಿ ಗಾಂಜಾ ಕಾನೂನುಬದ್ಧ ಆದಾಗ ಅದೇ ಕಾರು, ಬೇರೆ ಜನ. ಹಳೆಯ ಚಾಕೊಲೇಟ್ ಕಾರ್ಖಾನೆಯಲ್ಲಿ ಗಿಡ ಬೆಳೆಸುತ್ತಿದ್ದ ಕೆನಪಿ ಗ್ರೋತ್ ಬಗ್ಗೆ ರಾಜ್ಯೋತ್ಸವದ ಊಟದ ಸಾಲಿನಲ್ಲಿ ಮಾತು! ಅಕ್ಟೋಬರ್ 17ಕ್ಕೆ ಕಾನೂನು ಜಾರಿಯಾಯಿತು. ಗಾಂಜಾ ಮಾರಾಟವೇನೋ ನಡೆಯಿತು, ಷೇರು ಮಾತ್ರ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಬಿತ್ತು. ಮಾಲು ಖರ್ಚಾಗುವುದೇ ಬೇರೆ, ಅದರಲ್ಲಿ ಲಾಭ ಉಳಿಯುವುದೇ ಬೇರೆ.

ಇನ್ನು ಬೆಂಗಳೂರು ಏರ್‌ಪೋರ್ಟು. ನಿನ್ನ ಉತ್ಸಾಹ ನನಗೆ ಅರ್ಥವಾಗುತ್ತದೆ. ಹೈದರಾಬಾದಿನಲ್ಲಿ ಹುಟ್ಟಿ ಇಲ್ಲಿಗೆ ಬಂದ ಪ್ರೇಮ್ ವತ್ಸಾ ಕಟ್ಟಿದ ಫೇರ್‌ಫ್ಯಾಕ್ಸ್, ಅದರ ಕೂಸು ಫೇರ್‌ಫ್ಯಾಕ್ಸ್ ಇಂಡಿಯಾ 2015ರಿಂದ ಟೊರಾಂಟೊ ಪೇಟೆಯಲ್ಲಿದೆ, ಕೆಂಪೇಗೌಡ ವಿಮಾನ ನಿಲ್ದಾಣದ ಬಹುಪಾಲು ಅದರ ಕೈಯಲ್ಲಿದೆ. ನೀನು ಅಮ್ಮನಿಗೆ ಕೈಬೀಸಿ ಹತ್ತಿದ ಏರ್‌ಪೋರ್ಟಿನ ಒಂದು ಇಟ್ಟಿಗೆ ನಿನ್ನದಾಗಬೇಕು ಅನ್ನಿಸಿದರೆ ಕೊಳ್ಳು, ಒಂದು ಐನೂರು ಡಾಲರಿನದ್ದು. ಅದು ಅಭಿಮಾನದ ಬಾಬ್ತು, ದೇವಸ್ಥಾನಕ್ಕೆ ಕೊಡುವ ಕಾಣಿಕೆಯ ಹಾಗೆ. ಹೂಡಿಕೆ ಅಂತ ನೋಡಿದರೆ ಅದರ ಆಸ್ತಿಯ ದೊಡ್ಡ ಪಾಲು ಅದೊಂದೇ ನಿಲ್ದಾಣ, ಗಳಿಕೆ ರೂಪಾಯಿಯಲ್ಲಿ, ಷೇರಿನ ವ್ಯಾಪಾರ ಅಮೆರಿಕನ್ ಡಾಲರಿನಲ್ಲಿ, ನಿನ್ನ ಜೇಬು ಕೆನಡಾ ಡಾಲರಿನದ್ದು. ಮೂರು ನಾಣ್ಯದ ಏರಿಳಿತ ಒಂದೇ ಷೇರಿನಲ್ಲಿ.

ಹಾಗಾದರೆ ಏನು ಮಾಡಲಿ ಅನ್ನುತ್ತೀಯ. ಹದಿನೈದರಲ್ಲಿ ಹದಿಮೂರೂವರೆ ಸಾವಿರವನ್ನು ಇಡೀ ಜಗತ್ತಿನ ಷೇರು ಒಟ್ಟಿಗೆ ಇರುವ ಇಟಿಎಫ್ ಒಂದಕ್ಕೆ ಹಾಕು. ಇಟಿಎಫ್ ಅನ್ನುವುದು ಅಮೆರಿಕದವರ ಆವಿಷ್ಕಾರ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಆದರೆ ಗೆದ್ದು ನಿಂತ ಮೊದಲ ಇಟಿಎಫ್ 1990ರ ಮಾರ್ಚ್‌ನಲ್ಲಿ ಶುರುವಾದದ್ದು ಇದೇ ಟೊರಾಂಟೊದಲ್ಲಿ, ಅಮೆರಿಕಕ್ಕಿಂತ ಮೂರು ವರ್ಷ ಮೊದಲು. ಈಗ ಎಲ್ಲವನ್ನೂ ಒಂದೇ ಪೊಟ್ಟಣದಲ್ಲಿ ಕಟ್ಟಿದವು ಸಿಗುತ್ತವೆ, ಅದರಲ್ಲಿ ಕೆನಡಾದ ಪಾಲು ನೂರಕ್ಕೆ ಇಪ್ಪತ್ತೈದೋ ಮೂವತ್ತೋ ಇರುತ್ತದೆ. ನಿನಗೆ ಬೇಕಾದ ಬ್ಯಾಂಕು, ಎಣ್ಣೆ, ರೈಲು ಎಲ್ಲ ಅದರೊಳಗೆ ಆಗಲೇ ಇವೆ. ಲಕ್ಷ ಡಾಲರಿಗೆ ವರ್ಷಕ್ಕೆ ಇನ್ನೂರು ಡಾಲರಿನ ಆಸುಪಾಸು ಖರ್ಚು. ಬ್ಯಾಂಕಿನ ಶಾಖೆಯಲ್ಲಿ ಟೈ ಕಟ್ಟಿಕೊಂಡು ಕೂತವರು ಮಾರುವ ಮ್ಯೂಚುವಲ್ ಫಂಡುಗಳಲ್ಲಿ ಎರಡು ಸಾವಿರ ತೆಗೆದುಕೊಳ್ಳುವವೂ ಇವೆ.

ಉಳಿದ ಒಂದೂವರೆ ಸಾವಿರ ನಿನ್ನ ಹಗ್ಗಕ್ಕೆ. ಒಂದು ಅಥವಾ ಎರಡು ಕಂಪನಿ, ಐದು ಬೇಡ. ಕಲಿಯಲಿಕ್ಕೆ ಅಷ್ಟು ಸಾಕು. ಹತ್ತು ವರ್ಷದ ಮೇಲೆ ಆ ಒಂದೂವರೆ ಸಾವಿರ ಹದಿಮೂರೂವರೆಗಿಂತ ಚುರುಕಾಗಿ ಬೆಳೆದಿದ್ದರೆ ನನಗೆ ಬಂದು ಹೇಳು, ನನಗೆ ಸಂತೋಷವೇ. ನನ್ನ ಪುಸ್ತಕದಲ್ಲಂತೂ ಹಾಗಾಗಿಲ್ಲ.

ತೆರಿಗೆಯದ್ದು ಎರಡು ಮಾತು, ಇದರಲ್ಲಿ ನೀನು ಎಡವುವ ಲಕ್ಷಣ ಕಾಣುತ್ತಿದೆ. ಟಿಎಫ್‌ಎಸ್‌ಎ ಖಾತೆಯಲ್ಲಿ ಬೆಳೆದದ್ದಕ್ಕೆ ತೆರಿಗೆ ಇಲ್ಲ, ಸರಿ. ‘2025ರ ಹೊತ್ತಿಗೆ 1,02,000 ಡಾಲರ್ ಹಾಕಬಹುದಂತೆ’ ಅಂದೆಯಲ್ಲ, ಅದು 2009ರಿಂದ ಇಲ್ಲೇ ಇದ್ದ ದೊಡ್ಡವರಿಗೆ. ಮಿತಿ ಎಣಿಸುವುದು ನೀನು ಇಲ್ಲಿನ ನಿವಾಸಿಯಾದ ವರ್ಷದಿಂದ. 2022ರಲ್ಲಿ ಬಂದ ನಿನಗೆ ಆ ವರ್ಷದ 6,000, ಆಮೇಲೆ 6,500, 7,000, 7,000. 2025ರವರೆಗೆ ಒಟ್ಟು 26,500 ಅಷ್ಟೆ. ಹೆಚ್ಚು ಹಾಕಿದರೆ ಹೆಚ್ಚಾದ ಮೊತ್ತಕ್ಕೆ ತಿಂಗಳಿಗೆ ನೂರಕ್ಕೆ ಒಂದು ದಂಡ. ಮತ್ತೆ, ಪುಟ್ಟ ಗಣಿ ಕಂಪನಿಯಂಥದ್ದನ್ನು ಆ ಖಾತೆಯಲ್ಲಿ ಇಡಬೇಡ. ಅಲ್ಲಿ ಕಳೆದುಕೊಂಡರೆ ನಷ್ಟ ಅಂತ ತೋರಿಸಿಕೊಳ್ಳಲೂ ಆಗುವುದಿಲ್ಲ, ಹಾಕಿದ ಜಾಗವೂ ವಾಪಸ್ಸು ಬರುವುದಿಲ್ಲ. ಇನ್ನೊಂದು, ಬೆಂಗಳೂರಿನ ಡಿಮ್ಯಾಟ್ ಖಾತೆ, ಯಲಹಂಕದಲ್ಲಿ ಬಾಡಿಗೆಗೆ ಕೊಟ್ಟ ಫ್ಲ್ಯಾಟು ಎರಡೂ ಸೇರಿ ಲಕ್ಷ ಕೆನಡಾ ಡಾಲರ್ ದಾಟಿದರೆ ಟಿ-1135 ಅನ್ನುವ ಫಾರ್ಮ್ ತುಂಬಬೇಕು. ಬೆಲೆ ಲೆಕ್ಕ ಹಾಕುವುದು ಇಲ್ಲಿಗೆ ಬಂದಿಳಿದ ದಿನದ ದರಕ್ಕೆ. ಆ ದಿನದ ಷೇರು ಬೆಲೆಗಳನ್ನು ಈಗಲೇ ತೆಗೆದಿಟ್ಟುಕೋ.

ಶನಿವಾರ ಬಾ. ಬರುವಾಗ ನಿನ್ನ ಎಣ್ಣೆ ಕಂಪನಿಯ 2020ರ ವಾರ್ಷಿಕ ವರದಿ ಪ್ರಿಂಟ್ ಹಾಕಿಸಿಕೊಂಡು ಬಾ. ಪೂರ್ತಿ ಬೇಡ, ನಗದಿನ ಪುಟ ಒಂದೇ. ಮೊಬೈಲಿನಲ್ಲಿ ತೋರಿಸಿದರೆ ನನ್ನ ಕಣ್ಣಿಗೆ ಕಾಣುವುದಿಲ್ಲ. ಡಾಲರಾಮ ಅಂಗಡಿಯಿಂದ ನಿನಗೂ ಒಂದು ಗೆರೆ ಹಾಕಿದ ಪುಸ್ತಕ ತಂದಿಟ್ಟಿದ್ದೇನೆ, ಬಲಗಡೆ ಪುಟದ ತಲೆಯಲ್ಲಿ ‘ಯಾಕೆ ಕೊಂಡೆ’ ಅಂತ ನಾನೇ ಬರೆದಿದ್ದೇನೆ. ಊರಿನಿಂದ ಜೋನಿಬೆಲ್ಲ ಬಂದಿದೆ, ತಿಂಡಿಗೆ ನೀರುದೋಸೆ. ಒಂಬತ್ತಕ್ಕೆ ಮುಂಚೆ ಮನೆ ಬಿಡು, ಆಮೇಲೆ 401 ಹೆದ್ದಾರಿಯಲ್ಲಿ ಮಿಲ್ಟನ್ ಹತ್ತಿರ ಗಾಡಿ ಮುಂದಕ್ಕೆ ಹೋಗುವುದಿಲ್ಲ.

ನಿನ್ನ
ದೊಡ್ಡಮ್ಮ